ಸೆರೆಮನೆಯ ಬಾಗಿಲಿಗೆ ಬಂದವರು: ರಷ್ಯದ ಗದ್ಯದಲ್ಲಿ ಬಂದಿಗಳ ಸಹಾಯಕರ ಚಿತ್ರಣ

ಸೆರೆಮನೆಯನ್ನು ಕುರಿತ ಸಾಹಿತ್ಯವನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ಗಮನಕ್ಕೆ ತಂದುಕೊಳ್ಳುತ್ತಾರೆ. ಒಬ್ಬನು ಒಳಗಿರುವ ಬಂದಿ. ಇನ್ನೊಬ್ಬನು ಅವನನ್ನು ಒಳಗಿಟ್ಟಿರುವ ಅಧಿಕಾರಿ. ಇವರಿಬ್ಬರ ನಡುವೆ ಮೂರನೆಯವನೊಬ್ಬನುಂಟು. ಅವನು ಶಿಕ್ಷೆಗೆ ಗುರಿಯಾದವನಲ್ಲ, ಸಂಬಳಕ್ಕೆ ಕಾವಲು ನಿಂತವನೂ ಅಲ್ಲ. ಯಾರೂ ಕರೆಯದೆ ತಾನಾಗಿ ಆ ಬಾಗಿಲಿಗೆ ಬಂದವನು. ಬಂದಿಗೆ ಒಂದಿಷ್ಟು ರೊಟ್ಟಿಯನ್ನೋ ಪುಸ್ತಕವನ್ನೋ ತಂದುಕೊಡುವವನು, ಅವನ ಅರ್ಜಿಯನ್ನು ಬರೆಯಿಸುವವನು, ಅವನ ಹೆಂಡಿರು ಮಕ್ಕಳ ಸುದ್ದಿಯನ್ನು ಮುಟ್ಟಿಸುವವನು. ಹತ್ತೊಂಬತ್ತನೆಯ ಶತಮಾನದ ರಷ್ಯದ ಸಾಹಿತ್ಯದಲ್ಲಿ ಈ ಪಾತ್ರ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ದಾಸ್ತೊಯೆವ್‌ಸ್ಕಿ, ಟಾಲ್‌ಸ್ಟಾಯ್, ಚೆಕಾವ್ ಈ ಮೂವರ ಬರಹಗಳನ್ನು ಮುಖ್ಯವಾಗಿಟ್ಟುಕೊಂಡು ಆ ಪಾತ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪರಿಶೀಲನೆಗೆ ಕಾರಣವೂ ಉಂಟು. ಬಂದಿಗಳಿಗೆ ನೆರವಾಗಲು ಹೊರಟವರನ್ನು ಎಲ್ಲ ಕಾಲದಲ್ಲಿಯೂ ಒಂದು ಪ್ರಶ್ನೆ ಅಡ್ಡಗಟ್ಟುತ್ತ ಬಂದಿದೆ: ನೀನು ಮಾಡುತ್ತಿರುವುದು ಅವನಿಗಾಗಿಯೋ, ನಿನ್ನ ಆತ್ಮದ ಸಮಾಧಾನಕ್ಕಾಗಿಯೋ? ಕುಹಕಿಗಳು ಮಾತ್ರ ಕೇಳುವ ಪ್ರಶ್ನೆಯಾಗಿದ್ದರೆ ಇದನ್ನು ತಳ್ಳಿಹಾಕಬಹುದಾಗಿತ್ತು. ಆದರೆ ನೆರವನ್ನು ಪಡೆಯುವವರೇ ಇದನ್ನು ಕೇಳುತ್ತಾರೆ. ದಾಸ್ತೊಯೆವ್‌ಸ್ಕಿಯೂ ಟಾಲ್‌ಸ್ಟಾಯ್‌ಯೂ ಈ ಪ್ರಶ್ನೆಯನ್ನು ಎತ್ತಿದ್ದಾರೆ. ಇಬ್ಬರ ಉತ್ತರ ಒಂದೇ ಅಲ್ಲ. ಸಹಾಯಕನ ಅಂತಃಕರಣವನ್ನು ಶೋಧಿಸುವುದರಿಂದ ಉತ್ತರ ಸಿಕ್ಕಲಾರದು, ಅವನು ಗೋಡೆಯ ಒಳಗೂ ಹೊರಗೂ ಯಾರ ಮಾತನ್ನು ಹೊತ್ತು ನಡೆಯುತ್ತಾನೆಂಬುದನ್ನು ನೋಡಬೇಕು, ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಪದದ ವಿಚಾರ. ರಷ್ಯದ ಸಾಮಾನ್ಯ ಜನರು ಶಿಕ್ಷೆಗೆ ಗುರಿಯಾದವರನ್ನು ‘ನಿರ್ಭಾಗ್ಯರು’ ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು. ಅಪರಾಧವನ್ನು ಅಲ್ಲಗಳೆಯದೆ ಅಪರಾಧಿಯನ್ನು ಕನಿಕರಿಸುವ ಮಾತು ಅದು. ದಾಸ್ತೊಯೆವ್‌ಸ್ಕಿ ತನ್ನ ಸೆರೆಮನೆಯ ಗ್ರಂಥದಲ್ಲಿಯೂ ೧೮೭೩ರ ‘ಲೇಖಕನ ದಿನಚರಿ’ಯಲ್ಲಿಯೂ ಇದರ ವಿಷಯವನ್ನು ಪ್ರಸ್ತಾಪಿಸುತ್ತಾನೆ. ಕನ್ನಡದಲ್ಲಿ ಬಂದಿ, ಖೈದಿ, ಸೆರೆಯಾಳು ಎಂಬ ಮಾತುಗಳಿವೆ. ಬಂಧಿಸುವ ಸ್ಥಳಕ್ಕೆ ಕಾರಾಗೃಹದಿಂದ ಹಿಡಿದು ಉತ್ತರದ ಜಿಲ್ಲೆಗಳ ತುರಂಗದವರೆಗೆ ಹಲವು ಹೆಸರುಗಳಿವೆ. ಆದರೆ ಬಂದಿಯನ್ನು ನೋಡಲು ತಪ್ಪದೆ ಬರುವ ಪರಕೀಯನಿಗೆ ಇರುವ ಹೆಸರು ಸಂದರ್ಶಕ ಎಂಬುದೊಂದೇ. ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗುವವನಿಗೂ ಅದೇ ಪದ, ವಸ್ತುಪ್ರದರ್ಶನವನ್ನು ನೋಡಹೋಗುವವನಿಗೂ ಅದೇ ಪದ.

‘ಸತ್ತವರ ಮನೆಯ ಟಿಪ್ಪಣಿಗಳು’ ೧೮೬೦–೬೨ರಲ್ಲಿ ಪ್ರಕಟವಾದ ಗ್ರಂಥ. ಗ್ರಂಥಕರ್ತನು ೧೮೫೦ರಿಂದ ೧೮೫೪ರವರೆಗೆ ಓಮ್‌ಸ್ಕ್ ನಗರದ ಸೆರೆಯಲ್ಲಿ ಕಾಲಿಗೆ ಬೇಡಿ ತೊಟ್ಟು ನಾಲ್ಕು ವರ್ಷ ಕಳೆದವನಾದುದರಿಂದ, ಕಥೆಯನ್ನು ಹೇಳುವವನು ಗೊರ್ಯಾಂಚಿಕಾವ್ ಎಂಬ ಕಲ್ಪಿತ ವ್ಯಕ್ತಿಯಾಗಿದ್ದರೂ ಅನುಭವ ಕಲ್ಪಿತವಲ್ಲ. ಇದರಲ್ಲಿ ಸಹಾಯಕರು ಎರಡು ಕಡೆ ಮಾತ್ರ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾರೆ, ಅದೂ ಕ್ಷಣಮಾತ್ರ.

ಮೊದಲನೆಯದು ಒಂದು ಕೊಪೆಕ್ಕಿನ ಪ್ರಸಂಗ. ಬಂದಿಯು ಕೆಲಸದಿಂದ ಕಾವಲುಗಾರನೊಡನೆ ಹಿಂದಿರುಗುತ್ತಿರುವಾಗ, ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ಓಡಿಬಂದು ಅವನ ಕೈಯಲ್ಲಿ ಒಂದು ಕೊಪೆಕ್ಕನ್ನಿಟ್ಟು ತಾಯಿಯ ಬಳಿಗೆ ಮರಳಿಹೋಗುತ್ತಾಳೆ. ಆ ನಾಣ್ಯವನ್ನು ತಾನು ಬಹುಕಾಲ ಜೋಪಾನವಾಗಿಟ್ಟುಕೊಂಡಿದ್ದೆನೆಂದು ಕಥಕನು ಹೇಳುತ್ತಾನೆ. ಈ ಪ್ರಸಂಗವನ್ನು ಉದ್ಧರಿಸುವವರು ಬಹುಮಂದಿ. ಅದಕ್ಕೆ ಮುಂಚಿನ ಎರಡು ವಾಕ್ಯಗಳನ್ನು ಗಮನಿಸುವವರು ವಿರಳ. ಆ ಹುಡುಗಿಯ ತಂದೆ ಸೈನಿಕ. ವಿಚಾರಣೆಯಲ್ಲಿರುವಾಗಲೇ ಆಸ್ಪತ್ರೆಯ ಬಂದಿಗಳ ವಿಭಾಗದಲ್ಲಿ ತೀರಿಕೊಂಡವನು. ತಾಯಿಮಗಳಿಬ್ಬರೂ ಅವನನ್ನು ಕಡೆಯ ಬಾರಿ ನೋಡಲು ಅಲ್ಲಿಗೆ ಬಂದು ಅತ್ತಿದ್ದರು. ಕಥಕನು ಅವರನ್ನು ಮೊದಲು ಕಂಡದ್ದು ಆಗ. ಕೊಪೆಕ್ಕನ್ನು ಕೊಟ್ಟವರು ದಯಾಳುಗಳಾದ ಪಟ್ಟಣಿಗರಲ್ಲ, ಬಂದಿಯೊಬ್ಬನ ವಿಧವೆ ಮತ್ತು ಅನಾಥೆ. ಕರುಣೆ ಮೇಲಿನಿಂದ ಕೆಳಕ್ಕೆ ಇಳಿಯಲಿಲ್ಲ. ಒಂದೇ ನೆಲದ ಮೇಲೆ ನಿಂತವರ ನಡುವೆ ಕೈ ಬದಲಾಯಿತು. ನಾಣ್ಯವನ್ನು ಖರ್ಚುಮಾಡದೆ ಇಟ್ಟುಕೊಳ್ಳುವಂತೆ ಮಾಡಿದ್ದು ಈ ಸಮತೆಯೇ ಎಂದು ನಮಗೆ ತೋರುತ್ತದೆ.

ಎರಡನೆಯವಳು ನಸ್ತಾಸ್ಯ ಇವಾನೊವ್ನ. ಊರ ಹೊರಭಾಗದಲ್ಲಿ ವಾಸವಾಗಿದ್ದ ಬಡ ವಿಧವೆ. ಆಕೆ ಸೆರೆಯವರಿಗೆ ಮಾಡಿದ್ದು ಬಹಳ ಸ್ವಲ್ಪ. ಆದರೆ ಆ ಗೋಡೆಯ ಆಚೆ ತಮಗಾಗಿ ಒಬ್ಬಳಿದ್ದಾಳೆಂಬುದು ಒಳಗಿನವರಿಗೆ ಗೊತ್ತಿತ್ತು. ಅವರಿಗೆ ಅತ್ಯವಶ್ಯವಾಗಿದ್ದ ಸುದ್ದಿಯನ್ನು ಆಕೆ ಮುಟ್ಟಿಸುತ್ತಿದ್ದಳು. ಸೆರೆಯಿಂದ ಹೊರಟ ಕಥಕನು ತನ್ನ ಜೊತೆಗಾರನೊಡನೆ ಆಕೆಯ ಮನೆಗೆ ಹೋಗುತ್ತಾನೆ. ಆಕೆ ಸುಂದರಿಯೋ ಅಲ್ಲವೋ, ಮುದುಕಿಯೋ ಪ್ರಾಯದವಳೋ, ಬುದ್ಧಿವಂತೆಯೋ ವಿದ್ಯಾವತಿಯೋ ಯಾವುದನ್ನೂ ಅವನು ನಿರ್ಧರಿಸಲಾರ. ಮಾತಿನಲ್ಲಿ ವಿಶೇಷವೇನೂ ಇಲ್ಲ. ಹೊರಡುವಾಗ ಆಕೆ ತಾನೇ ಮಾಡಿದ ರಟ್ಟಿನ ಸಿಗಾರುಪೆಟ್ಟಿಗೆಯೊಂದನ್ನು ಕೊಡುತ್ತಾಳೆ. ಮಕ್ಕಳ ಲೆಕ್ಕದ ಪುಸ್ತಕಕ್ಕೆ ಹಾಕುವಂಥ ಬಣ್ಣದ ಕಾಗದವನ್ನು ಅದಕ್ಕೆ ಅಂಟಿಸಿದೆ, ಅಂಚಿಗೆ ಚಿನ್ನದ ಬಣ್ಣದ ಕಾಗದ. ಅಷ್ಟೆ. ಇಲ್ಲಿ ದಾಸ್ತೊಯೆವ್‌ಸ್ಕಿ ಒಂದು ತಾತ್ತ್ವಿಕವಾದ ಆಕ್ಷೇಪವನ್ನು ತಾನಾಗಿಯೇ ತರುತ್ತಾನೆ: ಪರರ ಮೇಲಿನ ಪರಮ ಪ್ರೇಮವು ಪರಮ ಸ್ವಾರ್ಥವೇ ಎಂದು ಕೆಲವರು ಹೇಳುವುದನ್ನು ತಾನು ಕೇಳಿರುವುದುಂಟು, ಓದಿರುವುದೂ ಉಂಟು, ಆದರೆ ಈ ಹೆಂಗಸಿನಲ್ಲಿ ಸ್ವಾರ್ಥವೆಲ್ಲಿತ್ತೆಂಬುದು ತನಗೆ ತಿಳಿಯದು.

ಇದನ್ನು ಉತ್ತರವೆನ್ನಬಹುದೆ? ತರ್ಕಶಾಸ್ತ್ರಿಯು ಒಪ್ಪಲಾರ. ಆದರೆ ಲೇಖಕನು ವಾದಕ್ಕೆ ಇಳಿಯದೆ ರಟ್ಟಿನ ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟದ್ದರಲ್ಲಿ ಒಂದು ವಿವೇಕವಿದೆ. ನಸ್ತಾಸ್ಯ ಇವಾನೊವ್ನಳ ಮನಸ್ಸಿನೊಳಕ್ಕೆ ಅವನು ಪ್ರವೇಶಿಸುವುದಿಲ್ಲ. ಬಂದಿಯ ಕಣ್ಣಿಗೆ ಕಂಡಷ್ಟನ್ನೇ ಹೇಳುತ್ತಾನೆ. ಸಹಾಯಕಿಯ ಚಿತ್ರ ಸಹಾಯ ಪಡೆದವನ ಕೈಯಿಂದ ಬರೆದದ್ದಾಗಿದೆ. ಆ ಕಾರಣದಿಂದಲೇ ಆಕೆ ಸಂತಳಾಗದೆ ಹೆಂಗಸಾಗಿ ಉಳಿದಿದ್ದಾಳೆ.

ಅದೇ ಲೇಖಕನು ‘ಈಡಿಯಟ್’ ಕಾದಂಬರಿಯಲ್ಲಿ ಮತ್ತೆ ಈ ವಿಷಯಕ್ಕೆ ಬಂದಾಗ ಚಿತ್ರ ಬೇರೆಯಾಗುತ್ತದೆ. ಕ್ಷಯದಿಂದ ಸಾಯುತ್ತಿರುವ ತರುಣ ಇಪ್ಪೊಲಿತನು ತನ್ನ ಸುದೀರ್ಘ ವಿವರಣೆಯಲ್ಲಿ ಮಾಸ್ಕೋದ ಒಬ್ಬ ಮುದಿ ‘ಜನರಲ್’ನನ್ನು ನೆನೆಯುತ್ತಾನೆ. ಸೈಬೀರಿಯಕ್ಕೆ ಹೊರಟ ಬಂದಿಗಳ ತಂಡಗಳೆಲ್ಲವನ್ನೂ ಗುಬ್ಬಿಗುಡ್ಡದ ತಂಗುಸೆರೆಯಲ್ಲಿ ಕಂಡು, ಒಬ್ಬೊಬ್ಬನನ್ನೂ ಮಾತನಾಡಿಸಿ, ಹಣವನ್ನೂ ಕಾಲಿಗೆ ಸುತ್ತುವ ಬಟ್ಟೆಯನ್ನೂ ಕೊಟ್ಟು ಕಳುಹಿಸುತ್ತಿದ್ದವನು. ಹತ್ತಾರು ಕೊಲೆ ಮಾಡಿದ ಪಾತಕಿಯೊಬ್ಬನು ಇಪ್ಪತ್ತು ವರ್ಷಗಳಲ್ಲಿ ಒಮ್ಮೆ, ಏನೂ ನಿಮಿತ್ತವಿಲ್ಲದೆ, ಆ ಮುದುಕ ಇನ್ನೂ ಬದುಕಿದ್ದಾನೆಯೇ ಎಂದು ನಿಟ್ಟುಸಿರಿಡಬಹುದು. ಬಿತ್ತಿದ ಬೀಜ ಎಲ್ಲಿ ಮೊಳೆಯುವುದೆಂದು ಬಲ್ಲವರಾರು ಎಂಬುದು ಇಪ್ಪೊಲಿತನ ವಾದ.

ಈ ಮುದುಕನ ಹಿಂದೆ ಇರುವ ವ್ಯಕ್ತಿ ಡಾಕ್ಟರ್ ಹಾಸ್ ಎಂಬುದು ಪ್ರಸಿದ್ಧ. ೧೭೮೦ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಮಾಸ್ಕೋದಲ್ಲಿ ವೈದ್ಯನಾಗಿ ನೆಲಸಿ, ೧೮೨೮ರಿಂದ ೧೮೫೩ರಲ್ಲಿ ಸಾಯುವವರೆಗೆ ಅಲ್ಲಿನ ಸೆರೆಮನೆಗಳ ಸಮಿತಿಯಲ್ಲಿ ದುಡಿದವನು. ನ್ಯಾಯವಾದಿ ಕೋನಿ ೧೮೯೭ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಕಾಣುವ ಹಾಸ್ ಸೌಮ್ಯಮೂರ್ತಿ ಮಾತ್ರವಲ್ಲ, ಜಗಳಗಂಟ. ಹಲವರನ್ನು ಒಂದೇ ಕಬ್ಬಿಣದ ಸಲಾಕಿಗೆ ಬಿಗಿದು ನಡೆಯಿಸುವ ಪದ್ಧತಿಯ ಮೇಲೆ ಅವನು ವರ್ಷಗಟ್ಟಲೆ ಅರ್ಜಿ ಬರೆದನು. ಹಗುರವಾದ ಬೇಡಿಯನ್ನು ಮಾಡಿಸಿ, ಅದನ್ನು ತಾನೇ ಕಾಲಿಗೆ ತೊಟ್ಟು, ಬಂದಿಗಳು ಮೊದಲ ತಂಗುದಾಣದವರೆಗೆ ನಡೆಯಬೇಕಾದ ದೂರವನ್ನು ತನ್ನ ಕೋಣೆಯಲ್ಲಿಯೇ ಸುತ್ತಿ ಸುತ್ತಿ ನಡೆದು ನೋಡಿದನು. ಗಡೀಪಾರಾದ ಜೀತಗಾರರ ಮಕ್ಕಳನ್ನು ಒಡೆಯರಿಂದ ಹಣ ತೆತ್ತು ಬಿಡಿಸಿ ತಂದೆತಾಯಿಗಳೊಡನೆ ಕಳುಹಿಸಿಕೊಟ್ಟನು. ದಾಸ್ತೊಯೆವ್‌ಸ್ಕಿಯ ಕಾದಂಬರಿಯಲ್ಲಿ ಈ ಅರ್ಜಿ, ಈ ಜಗಳ, ಈ ಬೇಡಿಯ ತೂಕದ ಲೆಕ್ಕ ಯಾವುದೂ ಇಲ್ಲ. ಉಳಿದಿರುವುದು ಕೊಡುಗೈ, ಕನಿಕರದ ನೋಟ. ಇದು ಇಪ್ಪೊಲಿತನ ಮಾತು, ಲೇಖಕನದಲ್ಲ ಎಂದು ಸಮರ್ಥಿಸಬಹುದು. ಸಮರ್ಥನೆ ಪೂರ್ತಿ ಸಾಲದು. ಬಂದಿಯ ನಿಟ್ಟುಸಿರನ್ನು ಕೇಳಿಸಿಕೊಂಡವನು ಬಂದಿಯ ಕಣಕಾಲಿನ ಗಾಯವನ್ನು ಬಿಟ್ಟುಬಿಟ್ಟಿದ್ದಾನೆ. ಹಾಸ್‌ನ ಹಿರಿಮೆ ಗಾಯದಿಂದ ಮೊದಲಾಗುತ್ತದೆ.

ಇನ್ನು ‘ಪುನರುತ್ಥಾನ’. ಸೆರೆಯ ಸಹಾಯಕನನ್ನೇ ನಾಯಕನನ್ನಾಗಿ ಮಾಡಿದ ದೊಡ್ಡ ಕಾದಂಬರಿ ಇದು. ಇದರ ಮೂಲವೂ ಮೇಲೆ ಹೇಳಿದ ಕೋನಿಯೇ ಎಂಬುದು ಸ್ವಾರಸ್ಯವಾದ ಸಂಗತಿ. ೧೮೮೭ರಲ್ಲಿ ಅವನು ಟಾಲ್‌ಸ್ಟಾಯ್‌ಗೆ ಒಂದು ನಿಜಕಥೆ ಹೇಳಿದನು: ಕುಲೀನನೊಬ್ಬನು ತಾನು ಹಿಂದೆ ಕೆಡಿಸಿದ್ದ ಹುಡುಗಿ ಅಪರಾಧಿಯಾಗಿ ನಿಂತದ್ದನ್ನು ನ್ಯಾಯಾಲಯದಲ್ಲಿ ಕಂಡು ಅವಳನ್ನು ಮದುವೆಯಾಗಲು ಬಯಸಿದ್ದು, ಅವಳು ಸೆರೆಯಲ್ಲಿಯೇ ಜ್ವರದಿಂದ ಸತ್ತದ್ದು. ಕಾದಂಬರಿ ಮುಗಿದು ೧೮೯೯ರಲ್ಲಿ ಪ್ರಕಟವಾಯಿತು. ಅದರಿಂದ ಬಂದ ಹಣವನ್ನು ಟಾಲ್‌ಸ್ಟಾಯ್ ದುಖೊಬೋರ್ ಪಂಥದವರು ಕೆನಡಕ್ಕೆ ವಲಸೆ ಹೋಗಲು ಕೊಟ್ಟನು. ೧೮೯೫ರಲ್ಲಿ ಆಯುಧಗಳನ್ನು ಸುಟ್ಟು ಸೈನ್ಯಸೇವೆಯನ್ನು ನಿರಾಕರಿಸಿ, ಸೆರೆಗೂ ಗಡೀಪಾರಿಗೂ ಗುರಿಯಾಗಿದ್ದ ರೈತರು ಅವರು. ಅಂತೂ ಬಂದಿಗಳ ಕುಟುಂಬಗಳಿಗೆ ನೆರವಾಗಲೆಂದೇ ಮುಗಿಸಿ ಮಾರಿದ ಪುಸ್ತಕವಿದು. ಇಂಥ ಹುಟ್ಟು ಬೇರೆ ಯಾವ ಮಹಾಕಾದಂಬರಿಗೂ ಇದ್ದಂತಿಲ್ಲ.

ಕತ್ಯೂಷ ಮಾಸ್ಲೊವಳಿಗೆ ನಾಲ್ಕು ವರ್ಷದ ಕಠಿಣ ಶಿಕ್ಷೆಯಾದದ್ದು ಒಂದು ಮಾತು ಬಿಟ್ಟುಹೋದುದರಿಂದ. ಕೊಲ್ಲುವ ಉದ್ದೇಶವಿಲ್ಲದೆ ಎಂಬ ಮಾತನ್ನು ಜ್ಯೂರಿಯವರು ತಮ್ಮ ಉತ್ತರದಲ್ಲಿ ಸೇರಿಸಲು ಮರೆಯುತ್ತಾರೆ. ಆ ಜ್ಯೂರಿಯಲ್ಲಿ ನೆಖ್ಲ್ಯುದಾವನೂ ಇದ್ದಾನೆ. ಮುಂದಿನ ಕಥೆಯೆಲ್ಲ ಈ ಬಿಟ್ಟುಹೋದ ಮಾತನ್ನು ಕಾಗದದ ಮೇಲೆ ತರುವ ಪ್ರಯತ್ನ. ನೆಖ್ಲ್ಯುದಾವನು ಮೊದಲ ಸಲ ಭೇಟಿಯ ಕೋಣೆಗೆ ಹೋದಾಗ ಕಾಣುವುದನ್ನು ಓದಿದವರು ಮರೆಯಲಾರರು. ನೆಲದಿಂದ ಸೂರಿನವರೆಗೆ ಎರಡು ತಂತಿಬಲೆಗಳು. ಒಂದರ ಹಿಂದೆ ಬಂದಿಗಳು, ಇನ್ನೊಂದರ ಹಿಂದೆ ಅವರ ತಾಯಂದಿರು, ಹೆಂಡಿರು, ಮಕ್ಕಳು. ನಡುವಿನ ಓಣಿಯಲ್ಲಿ ಕಾವಲುಗಾರರು. ಪ್ರತಿಯೊಬ್ಬರೂ ತಮ್ಮ ಮಾತು ಕೇಳಿಸಲೆಂದು ಕಿರಚಬೇಕು. ಎಲ್ಲರೂ ಕಿರಚುವುದರಿಂದ ಯಾರ ಮಾತೂ ಯಾರಿಗೂ ಕೇಳಿಸದು. ಸೆರೆಯ ಮುಖ್ಯವಾದ ಹಿಂಸೆ ಮಾತು ದಾಟದಿರುವುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಟಗಳನ್ನು ನಾವು ಕಂಡಿಲ್ಲ.

ನೆಖ್ಲ್ಯುದಾವನು ಇಲ್ಲಿಗೆ ತನ್ನ ಮಾತನ್ನು ಹೊತ್ತು ಬಂದವನು. ಕ್ಷಮೆ ಬೇಡಬೇಕು, ಪಾಪವನ್ನು ತೊಳೆದುಕೊಳ್ಳಬೇಕು, ಮದುವೆಯಾಗಬೇಕು. ಮಾಸ್ಲೊವ ಮೊದಲ ದಿನ ಹತ್ತು ರೂಬಲ್ ಕೇಳುತ್ತಾಳೆ, ಅಧಿಕಾರಿಯ ಕಣ್ಣು ತಪ್ಪಿಸಿ ಅದನ್ನು ಬಚ್ಚಿಡುತ್ತಾಳೆ. ಅವನಿಗೆ ಇದು ಆಘಾತ. ಮತ್ತೊಂದು ಭೇಟಿಯಲ್ಲಿ ಅವಳು ಮೇಲ್ಮನವಿಗೆ ರುಜು ಹಾಕಿದ ಮೇಲೆ ಹೇಳುವುದು ತನ್ನ ವಿಷಯವನ್ನಲ್ಲ. ತನ್ನ ಕೊಠಡಿಯಲ್ಲಿ ಮೆನ್ಷೊವ ಎಂಬ ಮುದುಕಿಯಿದ್ದಾಳೆ, ಮನೆಗೆ ಬೆಂಕಿಯಿಟ್ಟರೆಂದು ಅವಳನ್ನೂ ಅವಳ ಮಗನನ್ನೂ ಹಿಡಿದು ಹಾಕಿದ್ದಾರೆ, ಇಬ್ಬರೂ ನಿರಪರಾಧಿಗಳು, ಆ ಮಗನನ್ನು ಕರೆಯಿಸಿ ಕೇಳುವಿರಾ? ನೆಖ್ಲ್ಯುದಾವನು ಆಗಲೆಂದು ಹೇಳಿ, ಕೂಡಲೇ ತನ್ನ ಪ್ರಾಯಶ್ಚಿತ್ತದ ಮಾತಿಗೆ ಹಿಂದಿರುಗುತ್ತಾನೆ. ಆಗ ಅವಳು ಸಿಡಿದೇಳುತ್ತಾಳೆ. ಈ ಲೋಕದಲ್ಲಿ ತನ್ನನ್ನು ಭೋಗಕ್ಕೆ ಬಳಸಿಕೊಂಡವನು ಪರಲೋಕದಲ್ಲಿಯೂ ತನ್ನಿಂದಲೇ ಉದ್ಧಾರವಾಗಲು ನೋಡುತ್ತಿದ್ದಾನೆಂಬುದು ಅವಳ ಆರೋಪದ ತಾತ್ಪರ್ಯ. ದಾಸ್ತೊಯೆವ್‌ಸ್ಕಿ ತನಗೆ ತಿಳಿಯದೆಂದು ಬದಿಗಿಟ್ಟ ಪ್ರಶ್ನೆಯನ್ನು ಇಲ್ಲಿ ಬಂದಿಯೇ ಸಹಾಯಕನ ಮುಖಕ್ಕೆ ಎಸೆದಿದ್ದಾಳೆ. ವಿಮರ್ಶಕರು ಈ ಸಿಡಿತವನ್ನು ಮೆಚ್ಚಿದ್ದಾರೆ. ನಾವು ಅದಕ್ಕಿಂತ ಅದರ ಹಿಂದಿನ ಕೋರಿಕೆಯನ್ನು ಮಹತ್ತರವೆಂದು ಭಾವಿಸುತ್ತೇವೆ. ಯಾವ ಸಹಾಯ ಸಹಾಯವೆನ್ನಿಸುವುದೆಂಬುದನ್ನು ಅವಳು ಮೊದಲೇ ಹೇಳಿಕೊಟ್ಟಿದ್ದಳು.

ನೆಖ್ಲ್ಯುದಾವನು ನಿಧಾನವಾಗಿ ಆ ಪಾಠವನ್ನು ಕಲಿಯುತ್ತಾನೆ. ಮೆನ್ಷೊವನನ್ನು ಕಾಣುತ್ತಾನೆ. ಕಲ್ಲುಕೆಲಸದವರ ಗುಂಪೊಂದು ರಹದಾರಿಯ ಅವಧಿ ತೀರಿತೆಂಬ ಒಂದೇ ಕಾರಣಕ್ಕೆ ಕೊಳೆಯುತ್ತಿರುವುದನ್ನು ತಿಳಿಯುತ್ತಾನೆ. ಕೈಗೆ ಬಂದ ಚೀಟಿಗಳು ಹೆಚ್ಚುತ್ತವೆ. ಕಚೇರಿಯಿಂದ ಕಚೇರಿಗೆ, ಪೀಟರ್ಸ್‌ಬರ್ಗಿನ ದಿವಾನಖಾನೆಗಳಿಗೆ ಅಲೆದಾಟ. ಈ ಅಧ್ಯಾಯಗಳು ನೀರಸವೆಂದು ದೂರುವವರಿದ್ದಾರೆ. ನೀರಸವೇ ಹೌದು, ಈ ಕೆಲಸದ ಸ್ವಭಾವವೇ ಅಂಥದು. ನಮ್ಮ ದೇಶದ ಓದುಗರಿಗಂತೂ ಆ ಕಲ್ಲುಕೆಲಸದವರು ಅಪರಿಚಿತರಲ್ಲ. ೧೯೭೯ರ ಹುಸ್ಸೈನಾರಾ ಖಾತೂನ್ ಮೊಕದ್ದಮೆಯಲ್ಲಿ, ಅಪರಾಧ ಸಿದ್ಧವಾದರೂ ವಿಧಿಸಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯನ್ನು ಕಾದು ಕುಳಿತಿದ್ದವರ ಸ್ಥಿತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪತ್ರಿಕೆಯ ಬರಹವನ್ನು ಓದಿ ಅರ್ಜಿ ಹಾಕಿದ ವಕೀಲೆ ಕಪಿಲಾ ಹಿಂಗೋರಾನಿಯವರಿಗೆ ಅವರಲ್ಲಿ ಯಾರೂ ಬಂಧುಗಳಲ್ಲ.

ಕಾದಂಬರಿಯ ಕೊನೆಗೆ ಬರುವ ಆಂಗ್ಲನ ಪಾತ್ರವನ್ನು ಇದರೊಡನೆ ಹೋಲಿಸಬೇಕು. ಅವನು ಸೈಬೀರಿಯದ ಸೆರೆಗಳನ್ನು ಸುತ್ತಿ ಬಂದಿಗಳಿಗೆ ಸುವಾರ್ತೆಯ ಪುಸ್ತಕಗಳನ್ನು ಲೆಕ್ಕಹಾಕಿ ಹಂಚುವವನು. ನೆಖ್ಲ್ಯುದಾವನು ಅವನ ದುಭಾಷಿ. ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನು ತೋರಬೇಕೆಂಬ ಬೋಧೆ ಅನುವಾದವಾದಾಗ ಬಂದಿಗಳು ನಗುತ್ತಾರೆ. ಅವನಲ್ಲಿ ಕೆಡುಕಿಲ್ಲ. ಅವನು ಒಳಕ್ಕೆ ಮಾತನ್ನು ತಂದನು, ಹೊರಕ್ಕೆ ಯಾರ ಮಾತನ್ನೂ ಒಯ್ಯಲಿಲ್ಲ. ಟಾಲ್‌ಸ್ಟಾಯ್ ಇಲ್ಲಿ ನಿಷ್ಕರುಣಿ, ನ್ಯಾಯವಾಗಿಯೇ ನಿಷ್ಕರುಣಿ.

ಹೀಗಿರಲು ಮುಕ್ತಾಯವನ್ನು ನೋಡಿದಾಗ ನಮಗೆ ಆಶ್ಚರ್ಯವಾಗುತ್ತದೆ. ಶಿಕ್ಷೆ ಕಡಿಮೆಯಾದ ಸುದ್ದಿ ಬಂದಿದೆ. ಮಾಸ್ಲೊವ ಸೀಮೊನ್‌ಸನ್ನನ ಜೊತೆ ಹೋಗಲು ನಿಶ್ಚಯಿಸಿ ನೆಖ್ಲ್ಯುದಾವನನ್ನು ಬಿಡುಗಡೆ ಮಾಡಿದ್ದಾಳೆ. ಅವನು ತಂಗಿದ ಕೋಣೆಗೆ ಬಂದು ಸುವಾರ್ತೆಯನ್ನು ತೆರೆದು ಓದಿ ಹೊಸ ಬಾಳನ್ನು ಕಾಣುತ್ತಾನೆ. ಆ ಪ್ರತಿ ಯಾವುದು? ಆಂಗ್ಲನು ನೆನಪಿಗೆಂದು ಕೊಟ್ಟದ್ದು. ಕೆಲವು ಪುಟಗಳ ಹಿಂದೆ ಬಂದಿಗಳ ನಗೆಗೆ ಗುರಿಯಾದ ಪುಸ್ತಕದಿಂದಲೇ ನಾಯಕನ ಪುನರುತ್ಥಾನವಾಗುತ್ತದೆ, ಬಂದಿಗಳು ಪುಟದಿಂದ ಮರೆಯಾಗುತ್ತಾರೆ. ಪುಸ್ತಕ ಅದೇ, ಓದುವ ಮನಸ್ಸು ಬೇರೆ ಎಂದು ಕೆಲವರು ಸಮಾಧಾನ ಹೇಳಬಹುದು. ಕಾದಂಬರಿ ನೆಖ್ಲ್ಯುದಾವನದು, ಮಾಸ್ಲೊವಳದಲ್ಲ ಎಂದೂ ಹೇಳಬಹುದು. ಆದರೆ ೧೮೯೫ರ ದಿನಚರಿಯಲ್ಲಿ ಟಾಲ್‌ಸ್ಟಾಯ್ ತಾನೇ ಗುರುತಿಸಿಕೊಂಡಿದ್ದನು: ಬರವಣಿಗೆ ಕುಂಟುತ್ತಿದ್ದುದಕ್ಕೆ ಕಾರಣ ಆರಂಭದ ದೋಷ, ಅವಳಿಂದಲೇ ತೊಡಗಬೇಕು. ಅದರಂತೆ ಅವಳಿಂದಲೇ ತೊಡಗಿದನು, ಅವಳಿಂದಲೇ ಮುಗಿಸಲಿಲ್ಲ. ಮಾಸ್ಲೊವಳ ಆರೋಪಕ್ಕೆ ಕಾದಂಬರಿಯು ಕಡೆಯ ಪುಟದಲ್ಲಿ ತಾನೇ ಸಾಕ್ಷ್ಯವನ್ನು ಒದಗಿಸಿದಂತಾಗಿದೆ.

ಬಂದಿಗಳ ಕುಟುಂಬದವರೇ ಸಹಾಯಕರಾದ ಸಂದರ್ಭ ಇನ್ನೊಂದುಂಟು. ೧೮೨೫ರ ಡಿಸೆಂಬರ್ ದಂಗೆಯವರ ಪತ್ನಿಯರು ಪದವಿಯನ್ನು ತ್ಯಜಿಸಿ ಸೈಬೀರಿಯಕ್ಕೆ ಹೋದ ಕಥೆಯನ್ನು ನೆಕ್ರಾಸಾವ್ ೧೮೭೦ರ ದಶಕದ ಮೊದಲಲ್ಲಿ ‘ರಷ್ಯದ ಸ್ತ್ರೀಯರು’ ಎಂಬ ಕಾವ್ಯವಾಗಿ ಬರೆದನು. ಮರೀಯ ವೋಲ್ಕೊನ್‌ಸ್ಕಯ ಗಂಡನ ಸಂಕೋಲೆಗೆ ಮುತ್ತಿಡುವ ಸನ್ನಿವೇಶವನ್ನು ಅವನು ಗಣಿಯ ಆಳಕ್ಕೆ ಒಯ್ದನು. ಆಕೆಯ ಸ್ಮರಣೆಗಳಲ್ಲಿ ಅದು ಸೆರೆಯ ಕೊಠಡಿಯಲ್ಲಿ ನಡೆದದ್ದು. ಕಾವ್ಯಕ್ಕೆ ಆ ಸ್ವಾತಂತ್ರ್ಯವಿದೆ. ಆದರೆ ೧೯೦೪ರಲ್ಲಿ ಪ್ರಕಟವಾದ ಆ ಸ್ಮರಣೆಗಳನ್ನು ಓದಿದವರಿಗೆ ಹೆಚ್ಚು ದೊಡ್ಡದಾಗಿ ಕಾಣುವುದು ಮುತ್ತಲ್ಲ, ಕಾಗದಪತ್ರ. ಬಂದಿಗಳಿಗೆ ಪತ್ರ ಬರೆಯುವ ಹಕ್ಕಿರಲಿಲ್ಲ. ಈ ಹೆಂಗಸರು ತಮ್ಮ ಗಂಡಂದಿರಿಗಲ್ಲದೆ ಯಾರೂ ದಿಕ್ಕಿಲ್ಲದ ಇತರರಿಗೂ ಲೇಖಕಿಯರಾಗಿ, ಅವರ ಮನೆಗಳಿಗೆ ತಮ್ಮ ಹೆಸರಿನಲ್ಲಿ ಬರೆದರು. ೧೮೩೦ರಲ್ಲಿ ಪೆಟ್ರೊವ್‌ಸ್ಕಿಯ ಹೊಸ ಸೆರೆಗೆ ಹೋದಾಗ ಕೊಠಡಿಗಳಿಗೆ ಕಿಟಕಿಗಳೇ ಇರಲಿಲ್ಲ. ಈ ಪತ್ರಗಳು ಎಬ್ಬಿಸಿದ ದೂರಿನಿಂದ ಗೋಡೆಗಳಲ್ಲಿ ಕಿಟಕಿ ಕೊರೆಯಬೇಕಾಯಿತು. ಇದೇ ಬಳಗದ ಸ್ತ್ರೀಯರು ೧೮೫೦ರ ಜನವರಿಯಲ್ಲಿ ತೊಬೋಲ್‌ಸ್ಕಿನಲ್ಲಿ ತರುಣ ದಾಸ್ತೊಯೆವ್‌ಸ್ಕಿಯನ್ನು ಕಂಡು ಸುವಾರ್ತೆಯ ಪ್ರತಿಯೊಂದನ್ನು ಕೊಟ್ಟರು. ಅದರ ರಟ್ಟಿನೊಳಗೆ ಹತ್ತು ರೂಬಲ್ ಅಡಗಿಸಿಟ್ಟಿದ್ದಿತು.

ಸುಳ್ಳು ಪತ್ರಗಳೂ ಇದ್ದವು. ೧೮೯೦ರಲ್ಲಿ ಮೂರು ತಿಂಗಳು ಸಖಲಿನ್ ದ್ವೀಪದಲ್ಲಿದ್ದು ಸುಮಾರು ಹತ್ತು ಸಾವಿರ ಚೀಟಿಗಳಲ್ಲಿ ಜನಗಣತಿ ಮಾಡಿದ ಚೆಕಾವ್, ಸ್ವೇಚ್ಛೆಯಿಂದ ಗಂಡಂದಿರ ಹಿಂದೆ ಬಂದ ಹೆಂಗಸರನ್ನು ಕುರಿತು ಬರೆದ ಪುಟಗಳು ಆ ಗ್ರಂಥದಲ್ಲಿಯೇ ಅತ್ಯಂತ ಕಠೋರವಾದುವು. ದ್ವೀಪದ ಹವೆ ಬೆಚ್ಚಗಿದೆ, ಭೂಮಿ ಬೇಕಾದಷ್ಟಿದೆ, ರೊಟ್ಟಿ ಅಗ್ಗ, ಅಧಿಕಾರಿಗಳು ಒಳ್ಳೆಯವರು ಎಂದು ಬಂದಿಗಳು ಹೆಂಡಿರಿಗೆ ಬರೆಯುತ್ತಿದ್ದರು. ನಂಬಿ ಬಂದವರು ಹಸಿವಿನಿಂದ ಮೈ ಮಾರುವ ಸ್ಥಿತಿಗೆ ಇಳಿದರು. ಅಂಥ ಪತ್ರವನ್ನು ಬರೆದವನನ್ನು ಚೆಕಾವ್ ಶಪಿಸುವುದಿಲ್ಲ, ಬಂದ ಹೆಂಗಸನ್ನು ಹೊಗಳುವುದೂ ಇಲ್ಲ. ಆ ಊರುಗಳಲ್ಲಿ ನಸ್ತಾಸ್ಯ ಇವಾನೊವ್ನಳಂಥವರು ಯಾರೂ ಅವನ ಪುಟಗಳಲ್ಲಿ ಬಾಗಿಲಿಗೆ ಬರುವುದಿಲ್ಲ. ಮನೆಯಿಂದ ಮನೆಗೆ ಹೋಗಿ ಹೆಸರು, ವಯಸ್ಸು, ಹುಟ್ಟಿದ ಊರು, ಬಂದ ವರ್ಷ ಇವನ್ನು ಕೇಳಿ ಬರೆದುಕೊಂಡವನು ಅವನೊಬ್ಬನೇ. ಹಿಂದಿರುಗಿದ ಮೇಲೆ ಆ ದ್ವೀಪದ ಶಾಲೆಗಳ ಮಕ್ಕಳಿಗಾಗಿ ಪುಸ್ತಕಗಳನ್ನು ಕೂಡಿಹಾಕಿ ಕಳುಹಿಸಿದನು. ಈ ಸಂಗತಿ ನಮಗೆ ತಿಳಿಯುವುದು ಅವನ ಪತ್ರಗಳಿಂದ.